ಡಾ. ಆ. ನೇ. ಉಪಾಧ್ಯೆ: ಎಣಿಕೆಗೆ ಸಿಗದ ಜಮೆ



ಹಿಂದೆ ನಮ್ಮ ಮನೆಗಳಲ್ಲಿ ಮಗ ಬಿ.ಕಾಂ. ಮುಗಿಸಿ ಗಲ್ಲಾದ ಮೇಲೆ ಕುಳಿತನೆಂದರೆ ವಿದ್ಯೆಯ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈಗ ಹಾಗಿಲ್ಲ. ಅರಿವೆ ಅಂಗಡಿ, ಕಿರಾಣಿ, ಅಡತಿ ವ್ಯಾಪಾರದ ಮನೆತನಗಳಿಂದಲೇ ಮಕ್ಕಳು, ಸೊಸೆಯಂದಿರು ಪಿಎಚ್.ಡಿ. ಮಾಡುತ್ತಿದ್ದಾರೆ, ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಾರೆ. ಸಂತೋಷದ ವಿಷಯವೇ. ಅದರ ಬೆನ್ನಿಗೆ ಒಂದು ಹೊಸ ಪ್ರಶ್ನೆಯೂ ಮನೆಯೊಳಗೆ ಬಂದಿದೆ. ಮದುವೆಗೋ ಪಂಚಕಲ್ಯಾಣಕ್ಕೋ ಸೇರಿದ ನೆಂಟರು ಕೇಳುತ್ತಾರೆ: "ಎಷ್ಟು ಪೇಪರ್ ಆಗಿವೆಯಮ್ಮಾ? ಎಚ್-ಇಂಡೆಕ್ಸ್ ಎಷ್ಟು?" ಕೇಳಿದವರಿಗೆ ಅದರ ಅರ್ಥ ಪೂರ್ತಿ ಗೊತ್ತಿರುವುದಿಲ್ಲ. ಉತ್ತರ ಕೊಡುವ ಹುಡುಗಿಗೆ ಗೊತ್ತಿದ್ದರೂ ಊಟದ ಪಂಕ್ತಿಯಲ್ಲಿ ವಿವರಿಸುವ ವ್ಯವಧಾನವಿರುವುದಿಲ್ಲ. ಈ ತಿಂಗಳು ಆ ಸಂಖ್ಯೆಯ ವಿಚಾರವನ್ನೇ ಎತ್ತಿಕೊಂಡಿದ್ದೇವೆ. ಬರಿಯ ಸಂಖ್ಯೆಯನ್ನು ಹಿಡಿದು ಮಾತಾಡುವುದಕ್ಕಿಂತ ಒಬ್ಬ ವಿದ್ವಾಂಸರ ಜೀವಮಾನದ ದುಡಿಮೆಯ ಪಕ್ಕದಲ್ಲಿ ಅದನ್ನಿಟ್ಟು ನೋಡುವುದು ಮೇಲೆಂದು ನಮಗೆ ತೋರಿತು. ಅವರು ನಮ್ಮ ಗಡಿಭಾಗದವರೇ, ಸದಲಗಾದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರು.

ಮೊದಲು ಆ ಸಂಖ್ಯೆ ಏನೆಂದು ತಿಳಿಯೋಣ. ಒಬ್ಬ ಸಂಶೋಧಕ ಬರೆದ ಲೇಖನವನ್ನು ಇನ್ನೊಬ್ಬ ಸಂಶೋಧಕ ತನ್ನ ಬರಹದಲ್ಲಿ ಆಧಾರವಾಗಿ ಹೆಸರಿಸಿದರೆ ಅದಕ್ಕೆ ಉಲ್ಲೇಖ ಎನ್ನುತ್ತಾರೆ. ಇಂಥ ಉಲ್ಲೇಖಗಳನ್ನೆಲ್ಲ ಒಟ್ಟುಗೂಡಿಸಿ ಸೂಚಿ ಮಾಡಬಹುದೆಂದು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಎಂಬವರು 1955ರಲ್ಲಿ ಸೂಚಿಸಿದರು. 1960ರ ದಶಕದಲ್ಲಿ ವಿಜ್ಞಾನ ವಿಷಯಗಳಿಗೆ ಅಂಥ ಸೂಚಿಯನ್ನು ಅಚ್ಚು ಹಾಕಿಸಿದರು. ಈ ಉಪಾಯ ಅವರಿಗೆ ಸಿಕ್ಕಿದ್ದು ವಕೀಲರಿಂದ. ಹಳೆಯ ತೀರ್ಪನ್ನು ಮುಂದಿನ ಯಾವ ಯಾವ ಖಟ್ಲೆಯಲ್ಲಿ ಎತ್ತಿ ಹೇಳಿದ್ದಾರೆಂದು ತಿಳಿಸುವ ಸೂಚಿಗಳು ಅಲ್ಲಿಯ ವಕೀಲರ ಕೈಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಇದ್ದವು. ಗಾರ್‌ಫೀಲ್ಡರ ಉದ್ದೇಶ ಒಂದು ವಿಚಾರದ ಜಾಡು ಹಿಡಿಯುವುದಾಗಿತ್ತು. ಜನ ಅದನ್ನು ಮನುಷ್ಯರನ್ನು ತೂಗುವ ತಕ್ಕಡಿ ಮಾಡಿಕೊಂಡರು.

2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಎಚ್-ಇಂಡೆಕ್ಸ್ ಎಂಬ ಲೆಕ್ಕ ಕೊಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅಂಗಡಿಯಲ್ಲಿ ನೂರು ಬಗೆಯ ಸರಕು ಇರಲಿ. ಅದರಲ್ಲಿ ಹತ್ತು ಬಗೆ ತಲಾ ಹತ್ತು ಸಲಕ್ಕಾದರೂ ಮಾರಾಟವಾಗಿದ್ದು, ಹನ್ನೊಂದು ಬಗೆ ತಲಾ ಹನ್ನೊಂದು ಸಲ ಮಾರಾಟವಾಗಿರದಿದ್ದರೆ ಆ ಅಂಗಡಿಯ ಸಂಖ್ಯೆ ಹತ್ತು. ಸರಕಿನ ಬದಲು ಲೇಖನ, ಮಾರಾಟದ ಬದಲು ಉಲ್ಲೇಖ ಎಂದು ತಿಳಿದರೆ ಆಯಿತು. ಒಂದೇ ಒಂದು ಸರಕಿಟ್ಟು ಅದನ್ನು ಸಾವಿರ ಸಲ ಮಾರಿದವನ ಸಂಖ್ಯೆ ಮಾತ್ರ ಒಂದಕ್ಕೇ ನಿಲ್ಲುತ್ತದೆ. ವ್ಯಾಪಾರ ಬಲ್ಲ ನಮ್ಮ ಓದುಗರಿಗೆ ಈ ಲೆಕ್ಕದ ಅನುಕೂಲವೂ ಕೊರತೆಯೂ ಇಷ್ಟರಲ್ಲೇ ಗೊತ್ತಾಗಿರುತ್ತದೆ. ತನ್ನನ್ನು ತಾನೇ ಉಲ್ಲೇಖಿಸಿಕೊಳ್ಳುವವರು, ಪರಸ್ಪರ ಬೆನ್ನು ತಟ್ಟಿಕೊಳ್ಳುವವರು, ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು, ಇವೆಲ್ಲ ಇದರ ಹಿಂದೆಯೇ ಬಂದ ಪರಿವಾರ. ಅದರ ವಿಸ್ತಾರ ಇಲ್ಲಿ ಬೇಡ.

ಉಪಾಧ್ಯೆಯವರು ಹುಟ್ಟಿದ್ದು 6 ಫೆಬ್ರವರಿ 1906ರಂದು, ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ. ಮನೆಮಾತು ಕನ್ನಡ. 1930ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಎಂ.ಎ. ಪಡೆದು ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿ ಪ್ರಾಕೃತದ ಅಧ್ಯಾಪಕರಾದರು. ನಿವೃತ್ತಿಯವರೆಗೆ, ಮೂರು ದಶಕಕ್ಕೂ ಹೆಚ್ಚು ಕಾಲ, ಅಲ್ಲಿಯೇ ಪಾಠ ಹೇಳಿದರು. ಮಾತು ಕನ್ನಡ, ಊರು ಮರಾಠಿ, ಬರೆದದ್ದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಓದಿದ್ದು ಪ್ರಾಕೃತ, ಸಂಸ್ಕೃತ, ಅಪಭ್ರಂಶ. ಗಡಿಯಾಚೆ ನೆಲೆಸಿರುವ ನಮ್ಮ ಕುಟುಂಬಗಳಿಗೆ ಇಂಥ ಬಹುಭಾಷೆಯ ಬಾಳು ಹೊಸದೇನಲ್ಲ.

ಅವರ ಕೆಲಸದ ಪಟ್ಟಿಯನ್ನು ಪೂರ್ತಿ ಕೊಟ್ಟರೆ ಈ ಪುಟ ಸಾಲದು. 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರ ಬಂತು. ಅದಕ್ಕೆ ಅವರು ಬರೆದ ಇಂಗ್ಲಿಷ್ ಪೀಠಿಕೆಯೇ ನೂರಕ್ಕೂ ಮಿಕ್ಕ ಪುಟ. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1937ರಲ್ಲಿ ಜೋಇಂದುವಿನ ಪರಮಾತ್ಮಪ್ರಕಾಶ, 1938ರಲ್ಲಿ ವರಾಂಗಚರಿತ, 1943ರಲ್ಲಿ ಹರಿಷೇಣನ ಬೃಹತ್ಕಥಾಕೋಶ, ಅದೇ ವರ್ಷ ಡಾ. ಹೀರಾಲಾಲ ಜೈನರ ಜೊತೆಗೂಡಿ ತಿಲೋಯಪಣ್ಣತ್ತಿಯ ಮೊದಲ ಭಾಗ, 1949ರಲ್ಲಿ ಲೀಲಾವಈ, 1960ರಲ್ಲಿ ಕಾರ್ತಿಕೇಯಾನುಪ್ರೇಕ್ಷೆ. ಜೈನ ಗ್ರಂಥಗಳಿಗೆ ಮಾತ್ರ ಕೈಹಾಕಿದರೆಂದು ತಿಳಿಯಬಾರದು. ಕೇರಳದ ರಾಮಪಾಣಿವಾದ ಎಂಬ ಕವಿ ಪ್ರಾಕೃತದಲ್ಲಿ ಬರೆದ ಕಂಸವಧೆಯ ಕಾವ್ಯವನ್ನೂ 1940ರಲ್ಲಿ ಇವರೇ ಸಂಪಾದಿಸಿದರು. ಕಾಸರಗೋಡು, ವಯನಾಡಿನ ಬಂಧುಗಳಿಗೆ ಇದು ವಿಶೇಷವಾಗಿ ರುಚಿಸಬೇಕು.

ಗ್ರಂಥ ಸಂಪಾದನೆ ಎಂದರೆ ಏನೆಂದು ಇಲ್ಲಿ ಎರಡು ಮಾತು ಹೇಳಬೇಕು. ಪುಸ್ತಕವನ್ನು ಅಚ್ಚಿಗೆ ಕೊಟ್ಟು ಮುನ್ನುಡಿ ಬರೆಯುವುದು ಎಂದೇ ಹಲವರು ತಿಳಿದಿರುತ್ತಾರೆ. ಒಂದು ಹಳೆಯ ಕೃತಿಯ ನಾಲ್ಕು ಓಲೆಪ್ರತಿಗಳು ನಾಲ್ಕು ಭಂಡಾರಗಳಲ್ಲಿ ಸಿಕ್ಕಿದವೆನ್ನಿ. ಒಂದೊಂದನ್ನೂ ಒಬ್ಬೊಬ್ಬ ಲಿಪಿಕಾರ ಇನ್ನೊಂದನ್ನು ನೋಡಿ ನಕಲು ಮಾಡಿದ್ದಾನೆ. ಒಬ್ಬ ಸಾಲು ಬಿಟ್ಟಿದ್ದಾನೆ, ಒಬ್ಬ ತನಗೆ ತಿಳಿಯದ ಶಬ್ದವನ್ನು ತಿಳಿದ ಶಬ್ದವಾಗಿ ತಿದ್ದಿದ್ದಾನೆ, ಒಂದರಲ್ಲಿ ಹುಳು ತಿಂದ ತೂತು. ರೋಜುಕೀರ್ದಿ ಕಳೆದುಹೋಗಿ, ಅದನ್ನು ನೋಡಿ ಬರೆದ ನಾಲ್ಕು ಖಾತೆಪುಸ್ತಕಗಳು ಮಾತ್ರ ಉಳಿದಿದ್ದು, ನಾಲ್ಕರಲ್ಲೂ ಬಾಕಿ ಬೇರೆ ಬೇರೆ ಇದ್ದರೆ ಮುನೀಮ ಏನು ಮಾಡುತ್ತಾನೆ? ಸಾಲು ಸಾಲು ತಾಳೆ ನೋಡುತ್ತಾನೆ. ಯಾವ ತಪ್ಪು ಯಾವ ಪುಸ್ತಕದಿಂದ ಯಾವುದಕ್ಕೆ ಇಳಿಯಿತೆಂದು ಹುಡುಕಿ ಮೂಲದ ರಕಮನ್ನು ಕಂಡುಹಿಡಿಯುತ್ತಾನೆ. ಸಂಪಾದಕನ ಕೆಲಸ ಇದೇ. ತಾನು ಒಪ್ಪದ ಪಾಠಗಳನ್ನೂ ಆತ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ, ಮುಂದೆ ಬಂದವರು ತನ್ನ ತೀರ್ಮಾನವನ್ನು ಪರೀಕ್ಷಿಸಲಿ ಎಂದು. ಒಂದು ಗ್ರಂಥಕ್ಕೆ ಹತ್ತು ವರ್ಷ ಹಿಡಿಯುವುದು ಈ ಕಾರಣದಿಂದ.

ವರಾಂಗಚರಿತದ ಕಥೆಯನ್ನು ನಿಧಾನವಾಗಿಯೇ ಹೇಳಬೇಕು. ಅದರಲ್ಲಿ ಉಲ್ಲೇಖ ಎಂಬ ಮಾತಿನ ನಿಜವಾದ ಬೆಲೆ ಕಾಣುತ್ತದೆ. ಈ ಸಂಸ್ಕೃತ ಮಹಾಕಾವ್ಯದ ಹೆಸರು ವಿದ್ವಾಂಸರಿಗೆ ಗೊತ್ತಿತ್ತು, ಪುಸ್ತಕ ಕೈಗೆ ಸಿಕ್ಕಿರಲಿಲ್ಲ. ಕ್ರಿ.ಶ. 783ರಲ್ಲಿ ಮುಗಿದ ಹರಿವಂಶಪುರಾಣದಲ್ಲಿ ಜಿನಸೇನರು ರವಿಷೇಣನನ್ನು ಹೊಗಳಿದ ಒಡನೆಯೇ ವರಾಂಗಚರಿತವನ್ನು ಹೊಗಳುತ್ತಾರೆ; ಬರೆದವರ ಹೆಸರು ಹೇಳುವುದಿಲ್ಲ. ಹೀಗಾಗಿ ಇದು ಕೂಡ ರವಿಷೇಣನದೇ ಎಂಬ ಎಣಿಕೆ ಬೆಳೆದಿತ್ತು. ಕೊಲ್ಲಾಪುರದ ಲಕ್ಷ್ಮೀಸೇನ ಮಠದಲ್ಲಿ ಉಪಾಧ್ಯೆಯವರಿಗೆ ಕಾವ್ಯದ ಓಲೆಪ್ರತಿ ಸಿಕ್ಕಿತು. ಅದನ್ನು ಓದಿದರೆ ಅಲ್ಲಿಯೂ ಕವಿ ತನ್ನ ಹೆಸರು ಹೇಳಿಕೊಂಡಿಲ್ಲ!

ದಾರಿ ತೋರಿಸಿದ್ದು ನಮ್ಮ ಕನ್ನಡ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ 978ರಲ್ಲಿ ಬರೆದ ಕನ್ನಡ ಗದ್ಯಪುರಾಣದಲ್ಲಿ, ಉಪದೇಶ ಕೇಳುವವರಲ್ಲಿ ಎಷ್ಟು ಬಗೆ ಎಂದು ಹೇಳುವ ಒಂದು ಸಂಸ್ಕೃತ ಶ್ಲೋಕವನ್ನು ಎತ್ತಿಕೊಂಡು, ಇದು ಜಟಾಸಿಂಹನಂದಿ ಆಚಾರ್ಯರದೆಂದು ಹೆಸರು ಕೊಟ್ಟಿದ್ದಾನೆ. ಅದೇ ಶ್ಲೋಕ ಮಠದ ಪ್ರತಿಯ ಮೊದಲ ಸರ್ಗದಲ್ಲಿ ಇತ್ತು. ಅಲ್ಲಿಗೆ ಗಂಟು ಸಡಿಲವಾಯಿತು. ಪಂಪ, ನಯಸೇನ, ಪಾರ್ಶ್ವಪಂಡಿತ, ಜನ್ನ, ಎರಡನೆಯ ಗುಣವರ್ಮ, ಹೀಗೆ ಕನ್ನಡ ಕವಿಗಳು ಶತಮಾನಗಳ ಕಾಲ ಈ ಗುರುವನ್ನು ನೆನೆದದ್ದನ್ನೆಲ್ಲ ಉಪಾಧ್ಯೆಯವರು ಸಾಕ್ಷಿಯಾಗಿ ಒಟ್ಟುಗೂಡಿಸಿದರು. ಕೊಪ್ಪಳದ ಬೆಟ್ಟದಲ್ಲಿ, ಅಶೋಕನ ಶಾಸನವಿರುವ ಬಂಡೆಯ ಹತ್ತಿರ, ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಕೊರೆಯಿಸಿದ ಕನ್ನಡ ಬರಹವೊಂದಿದೆ. ಆ ಆಚಾರ್ಯರೇ ಈ ಕವಿಯೆಂಬ ವಿಚಾರವನ್ನೂ ಮುಂದಿಟ್ಟರು. ಚಾವುಂಡರಾಯನಿಗೆ ಎಚ್-ಇಂಡೆಕ್ಸ್ ಗೊತ್ತಿರಲಿಲ್ಲ. ಯಾರಿಂದ ಪಡೆದೆನೋ ಅವರ ಹೆಸರು ಹೇಳಬೇಕೆಂಬುದು ಗೊತ್ತಿತ್ತು. ಆ ಒಂದು ಋಣಸ್ಮರಣೆಯಿಂದ, ಸಾವಿರ ವರ್ಷಗಳ ಮೇಲೆ, ಒಬ್ಬ ಮಹಾಕವಿಗೆ ಅವನ ಕಾವ್ಯ ಮರಳಿ ಸಿಕ್ಕಿತು.

ಜಟಿಲನನ್ನೂ ರವಿಷೇಣನನ್ನೂ ಬೇರೆಬೇರೆಯಾಗಿ ನೆನೆದ ಇನ್ನೊಂದು ಕೃತಿ ಉದ್ಯೋತನಸೂರಿಯ ಪ್ರಾಕೃತ ಕುವಲಯಮಾಲೆ. ಅದು ರಾಜಸ್ಥಾನದ ಜಾಲೋರಿನಲ್ಲಿ 779ರಲ್ಲಿ ಮುಗಿಯಿತು. ಅದನ್ನೂ ಉಪಾಧ್ಯೆಯವರೇ ಮುಂದೆ ಸಂಪಾದಿಸಿದರು. ಜೈಸಲ್ಮೇರಿನ ಓಲೆಪ್ರತಿ ಒಂದು, ಪುಣೆಯ ಕಾಗದದ ಪ್ರತಿ ಒಂದು. ಮೂಲಪಾಠ ಅಚ್ಚಾದದ್ದು 1959ರಲ್ಲಿ, ಪೀಠಿಕೆ ಟಿಪ್ಪಣಿಗಳ ಎರಡನೆಯ ಭಾಗ 1970ರಲ್ಲಿ. ಈ ಕಥೆಯಲ್ಲಿ ಒಂದು ಪೇಟೆಯ ವರ್ಣನೆ ಬರುತ್ತದೆ. ದೇಶದೇಶದ ವರ್ತಕರು ಅಲ್ಲಿ ಸೇರಿದ್ದಾರೆ; ಯಾವ ಸೀಮೆಯವರು ನೋಡಲು ಹೇಗಿದ್ದರು, ಅವರ ಬಾಯಲ್ಲಿ ಯಾವ ಮಾತು ಬರುತ್ತಿತ್ತು ಎಂದು ಒಬ್ಬೊಬ್ಬರದೂ ಮಾದರಿ ಕೊಟ್ಟಿದ್ದಾನೆ ಕವಿ. ಮರಾಠರು, ಆಂಧ್ರರು, ಗುಜ್ಜರರು, ಅವರ ನಡುವೆ ನಮ್ಮ ಕರ್ನಾಟಕದವರೂ ಇದ್ದಾರೆ. ಭಾರತೀಯ ಭಾಷೆಗಳ ಇತಿಹಾಸ ಬರೆಯುವವರು ಇಂದಿಗೂ ಈ ಭಾಗವನ್ನು ಎತ್ತಿ ಹೇಳುತ್ತಾರೆ. ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ನಮ್ಮ ವ್ಯಾಪಾರಿಯ ತುಟಿಯ ಮಾತು ಇಲ್ಲಿ ಉಳಿದಿದೆಯೆಂದರೆ, ಅಂಗಡಿಯಲ್ಲಿ ಕೂತು ಮೂರು ಭಾಷೆಯಲ್ಲಿ ಗಿರಾಕಿ ನಡೆಸುವ ನಮ್ಮವರಿಗೆ ಅದು ಹೆಮ್ಮೆಯ ಸಂಗತಿಯಲ್ಲವೇ?

ಇಷ್ಟೆಲ್ಲ ಮಾಡಿದ ಮನುಷ್ಯನ ಲೆಕ್ಕ ಇಂದಿನ ತಕ್ಕಡಿಯಲ್ಲಿ ಎಷ್ಟು ಬಂದೀತು? ಇಲ್ಲಿಯೇ ತೊಡಕು. ಯಾರಾದರೂ ಪ್ರವಚನಸಾರದ ಒಂದು ಗಾಹೆಯನ್ನು ಚರ್ಚಿಸಿದರೆ ಕುಂದಕುಂದರ ಹೆಸರು ಬರೆಯುತ್ತಾರೆ. ಕುವಲಯಮಾಲೆಯ ಪೇಟೆಯನ್ನು ಹೇಳಿದರೆ ಉದ್ಯೋತನನ ಹೆಸರು. ಗ್ರಂಥ ಶುದ್ಧವಾದಷ್ಟೂ ಸಂಪಾದಕ ಕಣ್ಮರೆಯಾಗುತ್ತಾನೆ. ಓದುಗ ಗಾಜಿನಾಚೆಯದನ್ನು ನೋಡುತ್ತಾನೆ, ಗಾಜನ್ನು ನೋಡುವುದಿಲ್ಲ. ಇನ್ನು ಹಿಂದಿ, ಮರಾಠಿ, ಕನ್ನಡದಲ್ಲಿ ಬಂದ ಪುಸ್ತಕಗಳು, ಮಠ ಸಂಘಗಳ ಪ್ರಕಟಣೆಗಳು, ಸ್ವಾಧ್ಯಾಯ ಮಂಡಳಿಯಲ್ಲಿ ಕೈಯಿಂದ ಕೈಗೆ ಹೋದ ಪ್ರತಿಗಳು, ಇವುಗಳೊಳಗಿನ ಋಣಸ್ಮರಣೆ ಆ ದೊಡ್ಡ ಸೂಚಿಗಳಿಗೆ ಮುಟ್ಟುವುದು ಬಹಳ ಕಡಿಮೆ. ಬೃಹತ್ಕಥಾಕೋಶದ ಪೀಠಿಕೆಯಲ್ಲಿ ಅವರು ವಡ್ಡಾರಾಧನೆಯ ಕಥೆಗಳ ಹಿಂದಿನ ಪರಂಪರೆಯನ್ನು ಬಿಡಿಸಿ ತೋರಿಸಿದರು. ಕನ್ನಡ ಎಂ.ಎ. ವಿದ್ಯಾರ್ಥಿಗಳು ಆ ವಿಚಾರವನ್ನು ಪಾಠವಾಗಿ ಓದಿದ್ದಾರೆ, ಪರೀಕ್ಷೆಯಲ್ಲಿ ಬರೆದಿದ್ದಾರೆ. ಯಾವ ಯಂತ್ರ ಅದನ್ನು ಎಣಿಸುತ್ತದೆ?

ಸಮಕಾಲೀನರು ಅವರನ್ನು ಗುರುತಿಸಲಿಲ್ಲವೆಂದಲ್ಲ. 1966ರಲ್ಲಿ ಅಲಿಗಢದಲ್ಲಿ ನಡೆದ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನಕ್ಕೆ ಅವರು ಸರ್ವಾಧ್ಯಕ್ಷರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೂ ಅಧ್ಯಕ್ಷರು. 1971ರಿಂದ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿದ್ದರು. 8 ಅಕ್ಟೋಬರ್ 1975ರಂದು ಕೊಲ್ಲಾಪುರದಲ್ಲಿ ತೀರಿಕೊಂಡರು. ಈ ಮನ್ನಣೆಗಳನ್ನು ಕೊಟ್ಟವರು ಅವರ ಪುಸ್ತಕಗಳನ್ನು ಓದಿದ್ದರು ಎಂಬುದನ್ನು ಮಾತ್ರ ಮರೆಯಬಾರದು.

ಈಗ ಹಣದ ಮಾತು. ಈ ಪುಸ್ತಕಗಳನ್ನು ಅಚ್ಚು ಹಾಕಿಸಿದವರು ಯಾರು? ಪ್ರವಚನಸಾರ ಬಂದದ್ದು, ಮುಂಬಯಿಯಲ್ಲಿ ರತ್ನದ ವ್ಯಾಪಾರ ಮಾಡಿದ್ದ ಶ್ರೀಮದ್ ರಾಜಚಂದ್ರರ ಹೆಸರಿನ ಶಾಸ್ತ್ರಮಾಲೆಯಲ್ಲಿ. ವರಾಂಗಚರಿತ ಬಂದದ್ದು ಸೇಠ್ ಮಾಣಿಕಚಂದ್ರರ ಹೆಸರಿನ ಮಾಲೆಯಲ್ಲಿ, ಅವರೂ ಜವಾಹಿರಿ. ಕುವಲಯಮಾಲೆಯ ಸಿಂಘೀ ಮಾಲೆ ಕಲ್ಕತ್ತೆಯ ಉದ್ಯಮಿ ಬಹಾದ್ದೂರ್ ಸಿಂಹ ಸಿಂಘೀಯವರು ತಂದೆಯ ನೆನಪಿಗೆ ನಡೆಸಿದ್ದು. ಇನ್ನು ತಿಲೋಯಪಣ್ಣತ್ತಿ ಬಂದದ್ದು ನಮ್ಮ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯ ಮೊದಲ ಪುಷ್ಪವಾಗಿ.

ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು ನಡೆದುಕೊಂಡ ಬಗೆ ಗಮನಿಸಬೇಕಾದ್ದು. 1940ರಲ್ಲಿ, ತಾವು ನ್ಯಾಯದಿಂದ ಗಳಿಸಿದ್ದು ಧರ್ಮಕ್ಕೂ ಸಮಾಜಕ್ಕೂ ಸಲ್ಲಲಿ ಎಂದು ಅವರಿಗೆ ಅನ್ನಿಸಿತು. ಒಡನೆ ಚೆಕ್ ಬರೆಯಲಿಲ್ಲ. ದೇಶ ಸುತ್ತಿ ವಿದ್ವಾಂಸರನ್ನು ಕಂಡು, ಹಣ ಯಾವುದಕ್ಕೆ ಬೇಕೆಂದು ಬಾಯಿಮಾತಿನಲ್ಲೂ ಬರಹದಲ್ಲೂ ಅಭಿಪ್ರಾಯ ಸಂಗ್ರಹಿಸಿದರು. 1941ರ ಬೇಸಗೆಯಲ್ಲಿ ನಾಸಿಕದ ಗಜಪಂಥಾ ಕ್ಷೇತ್ರದಲ್ಲಿ ಎಲ್ಲರನ್ನೂ ಸೇರಿಸಿ ಚರ್ಚೆಗಿಟ್ಟರು. ಅಲ್ಲಿ ಜೈನ ಸಂಸ್ಕೃತಿ ಸಂರಕ್ಷಕ ಸಂಘ ಹುಟ್ಟಿತು. ಅದಕ್ಕೆ 30,000 ರೂಪಾಯಿ ಘೋಷಿಸಿದರು. 1944ರಲ್ಲಿ ತಮ್ಮ ಸಮಸ್ತ ಆಸ್ತಿಯನ್ನು, ಸುಮಾರು ಎರಡು ಲಕ್ಷ ರೂಪಾಯಿಯನ್ನು, ಟ್ರಸ್ಟಿಗೆ ಒಪ್ಪಿಸಿದರು. ಗ್ರಂಥಮಾಲೆಯ ಸಂಪಾದಕತ್ವ ಉಪಾಧ್ಯೆ ಮತ್ತು ಹೀರಾಲಾಲರದು. ತಿಲೋಯಪಣ್ಣತ್ತಿಯ ಎರಡನೆಯ ಭಾಗ 1951ರಲ್ಲಿ ಹೊರಬಂತು, ಎಂದರೆ ಎಂಟು ವರ್ಷಗಳ ಮೇಲೆ. ದಕ್ಷಿಣ ಭಾರತದ ಜೈನಧರ್ಮ ಮತ್ತು ಶಾಸನಗಳ ಬಗ್ಗೆ ಪಿ. ಬಿ. ದೇಸಾಯಿಯವರು ಬರೆದ ಹೆಸರಾಂತ ಗ್ರಂಥವೂ 1957ರಲ್ಲಿ ಬಂದದ್ದು ಇದೇ ಮಾಲೆಯಲ್ಲಿ. ಬಂಡವಾಳ ಹೂಡಿ ಎಂಟು ವರ್ಷ ಕಾಯುವುದು ಏನೆಂದು ವ್ಯಾಪಾರಿಗೆ ಬೇರೆ ಹೇಳಬೇಕಾಗಿಲ್ಲ.

ಇಂದು ಆ ದಾರಿಯಲ್ಲಿ ಹೋಗಬಯಸುವ ಹುಡುಗ ಹುಡುಗಿಯರ ಮುಂದೆ ಏನಿದೆ? ವಿಶ್ವವಿದ್ಯಾಲಯ ಅನುದಾನ ಆಯೋಗ 2010ರಲ್ಲಿ ಅಧ್ಯಾಪಕರಿಗೆ ಅಂಕದ ಪದ್ಧತಿ ತಂದಿತು. ಅದರ 2018ರ ನಿಯಮಾವಳಿಯ ಕೋಷ್ಟಕದಲ್ಲಿ ಭಾಷೆ ಮತ್ತು ಮಾನವಿಕ ವಿಷಯದ ಒಂದು ಸಂಶೋಧನ ಲೇಖನಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರಿಂದ ಬಂದ ಪುಸ್ತಕದ ಸಂಪಾದಕನಿಗೆ 8. ಅದನ್ನು ಸ್ವಂತ ಕೃತಿಯೆಂದೇ ಒಪ್ಪಿಸಿದರೂ 10. ಹತ್ತು ಪುಟದ ಲೇಖನವೂ ಹತ್ತು ವರ್ಷದ ಗ್ರಂಥವೂ ಒಂದೇ ತೂಕ! ಬುದ್ಧಿವಂತ ಹುಡುಗ ಯಾವುದನ್ನು ಆರಿಸಿಕೊಂಡಾನು? ಅವನನ್ನು ದೂರುವ ಹಾಗಿಲ್ಲ, ಅವನಿಗೂ ನೌಕರಿ ಬೇಕು, ಬಡ್ತಿ ಬೇಕು. ಎಲ್ಲ ಲೆಕ್ಕವನ್ನೂ ತೆಗೆದುಹಾಕಿ ಎಂದೂ ನಾವು ಹೇಳುವುದಿಲ್ಲ. ಲೆಕ್ಕವಿಲ್ಲದ ಕಡೆ ವಶೀಲಿ ನಡೆಯುತ್ತದೆ. ಅದು ಇನ್ನೂ ಕೆಟ್ಟದ್ದು.

ಅತ್ತ ಓಲೆಗರಿಗಳ ಕಾಲ ಓಡುತ್ತಿದೆ. 2003ರಲ್ಲಿ ಕೇಂದ್ರ ಸರಕಾರ ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಯೋಜನೆ ಆರಂಭಿಸಿತು. 2025ರ ಬಜೆಟ್ಟಿನಲ್ಲಿ ಜ್ಞಾನಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಯ ಮಾತು ಬಂತು. ಫೋಟೋ ತೆಗೆಯಬಹುದು, ಕಂಪ್ಯೂಟರಿನಲ್ಲಿ ಇಡಬಹುದು. ಆದರೆ ಹಳಗನ್ನಡ ಲಿಪಿಯ ಓಲೆಯಲ್ಲಿರುವ ಪ್ರಾಕೃತ ಗಾಹೆಯನ್ನು ಓದಿ, ಲಿಪಿಕಾರ ಎಲ್ಲಿ ಎಡವಿದ್ದಾನೆಂದು ಹೇಳುವವರು ಬೇಕಲ್ಲ? ಅವರನ್ನು ತಯಾರು ಮಾಡಲು ಹದಿನೈದು ವರ್ಷ ಬೇಕು.

ನಮ್ಮ ಸಮಾಜದ ಟ್ರಸ್ಟುಗಳು ನಡೆಸುವ ಕಾಲೇಜುಗಳಿವೆ. ಅವುಗಳ ಆಡಳಿತ ಮಂಡಳಿಗಳಲ್ಲಿ ಈ ಪತ್ರಿಕೆಯ ಓದುಗರೇ ಎಷ್ಟೋ ಮಂದಿ ಇದ್ದೀರಿ. ಆಯೋಗದ ನಿಯಮವನ್ನು ನಾವು ಬದಲಿಸಲಾರೆವು. ಆದರೆ ಸಂದರ್ಶನಕ್ಕೆ ಕುಳಿತಾಗ, ಅಂಕಪಟ್ಟಿಯ ಜೊತೆಗೆ ಅಭ್ಯರ್ಥಿ ತನ್ನ ಅತ್ಯುತ್ತಮವೆಂದು ತಿಳಿದ ಒಂದೇ ಒಂದು ಬರಹವನ್ನು ಮುಂಚಿತವಾಗಿ ತರಿಸಿ, ವಿಷಯ ಬಲ್ಲ ಒಬ್ಬರಿಂದ ಓದಿಸಿ ಅವರ ಅಭಿಪ್ರಾಯ ಪಡೆಯುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ದಾನ ನಿಧಿಯುಳ್ಳವರು ಓಲೆಗ್ರಂಥವೊಂದರ ಸಂಪಾದನೆಗೆ ಒಬ್ಬ ತರುಣನಿಗೋ ತರುಣಿಗೋ ಐದು ವರ್ಷದ ವೇತನ ಕೊಡಬಹುದು. ಐದನೆಯ ವರ್ಷ ಪುಸ್ತಕ ಬರದಿದ್ದರೆ ಗಾಬರಿಯಾಗಬಾರದು, ಅಷ್ಟೇ.

ಯಾಪನೀಯ ಸಂಘದ ಮೇಲೆ ಉಪಾಧ್ಯೆಯವರು ಬರೆದ ಲೇಖನ 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಬಂದಿತ್ತು. ದಿಗಂಬರ, ಶ್ವೇತಾಂಬರ ಎರಡರ ನಡುವೆ ನಿಂತು, ಕರ್ನಾಟಕದಲ್ಲಿ ಬಸದಿಗಳನ್ನು ಕಟ್ಟಿಸಿ, ಕೊನೆಗೆ ಹೆಸರಿಲ್ಲದಂತೆ ಕರಗಿಹೋದ ಸಂಘ ಅದು. ನಡುವೆ ಎಷ್ಟೋ ಹೊಸ ಶಾಸನಗಳು ಬೆಳಕಿಗೆ ಬಂದವು. ಅವನ್ನೆಲ್ಲ ಜಮೆ ಮಾಡಿಕೊಂಡು ಅದೇ ವಿಷಯದ ಮೇಲೆ ಅವರು ಮತ್ತೊಂದು ಲೇಖನ ಪ್ರಕಟಿಸಿದ್ದು 1974ರಲ್ಲಿ, ಪುಣೆಯ ಭಾಂಡಾರಕರ ಸಂಸ್ಥೆಯ ಪತ್ರಿಕೆಯಲ್ಲಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ 41 ವರ್ಷ.